ಟಿಎನ್‌ಎಫ್ ಗಡ್ಡೆಯನ್ನು ಕೊಲ್ಲುತ್ತದೋ ಬೆಳೆಸುತ್ತದೋ? ಹೊಲಗೇರು ಗುಳ್ಳೆ, ಮಾಯದ ಗಾಯ, ಚರ್ಮದ ಕ್ಯಾನ್ಸರ್

ಶರಾವತಿ_ಕಣಿವೆ ಕೇಳಿದ್ದು:

ಉರಿಯೂತ ಮತ್ತು ಚರ್ಮದ ಕ್ಯಾನ್ಸರ್ ಬಗ್ಗೆ ಸಾಗರದ ಪದವಿ ವಿದ್ಯಾರ್ಥಿಗಳಿಗೆ ಎರಡು ತರಗತಿ ಪಾಠ ಮಾಡಬೇಕಿದೆ. ಟಿಎನ್‌ಎಫ್-ಆಲ್ಫಾ ಎಂಬ ಒಂದೇ ಪ್ರೋಟೀನನ್ನು ಹಿಡಿದು ಹೇಳೋಣ ಅಂತ. ಮೂರು ಕಡೆ ಸಿಕ್ಕಿಕೊಂಡಿದೆ.

ಮೊದಲನೆಯದು, ಹೆಸರೇ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಅಂದರೆ ಗಡ್ಡೆಯನ್ನು ಸಾಯಿಸುವ ಅಂಶ. ಆದರೆ ಇದೇ ಪ್ರೋಟೀನ್ ಇಲ್ಲದ ಇಲಿಗಳಿಗೆ ಚರ್ಮದ ಗಡ್ಡೆ ಬರುವುದೇ ಕಡಿಮೆ. ಎರಡೂ ನಿಜವಾಗುವುದು ಹೇಗೆ?

ಎರಡನೆಯದು, ಇಲ್ಲಿನ ಹುಡುಗರು ಕೇಳಿಯೇ ಕೇಳುತ್ತಾರೆ: ಸೊಪ್ಪಿನ ಬೆಟ್ಟಕ್ಕೆ ಹೋದಾಗ ಹೊಲಗೇರು ಮರದ ಸೊನೆ ತಾಗಿ ಪ್ರತಿ ವರ್ಷ ಮೈ ಗುಳ್ಳೆ ಏಳುವವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆಯೇ?

ಮೂರನೆಯದು ಲ್ಯಾಬಿನದು. ಪ್ರಾಜೆಕ್ಟಿನಲ್ಲಿ ಹಾಕ್ಯಾಟ್ ಎಂಬ, ಲ್ಯಾಬಿನಲ್ಲಿ ಬೆಳೆಸುವ ಚರ್ಮಕೋಶಗಳಿಗೆ 20 ನ್ಯಾನೊಗ್ರಾಂ ಟಿಎನ್‌ಎಫ್ ಹಾಕಿ 24 ಗಂಟೆ ಬಿಟ್ಟು ಎಂಟಿಟಿ ಎಂಬ ಬಣ್ಣದ ಪರೀಕ್ಷೆ ಮಾಡಿದರೆ ಕೋಶಗಳು ಸಾಯುತ್ತಲೇ ಇಲ್ಲ. ಪ್ರೋಟೀನ್ ಕೆಟ್ಟಿದೆಯೋ, ವಿಧಾನ ತಪ್ಪೋ?

---

ಬೆಂಚ್_ಕೆಲಸ ಉತ್ತರ:

ಮೂರನೆಯದರಿಂದ ಶುರು ಮಾಡುತ್ತೇನೆ ಮೇಷ್ಟ್ರೆ. ಅದು ಬಿಡಿಸಿದರೆ ಮೊದಲನೆಯದು ಅರ್ಧ ತಾನೇ ಬಿಡಿಸಿಕೊಳ್ಳುತ್ತದೆ.

ನಿಮ್ಮ ಕೋಶ ಸಾಯದೇ ಇರುವುದೇ ಸರಿಯಾದ ಫಲಿತಾಂಶ. ಟಿಎನ್‌ಎಫ್ ಕೋಶದ ಮೇಲಿನ ಟಿಎನ್‌ಎಫ್ ಗ್ರಾಹಕ-1ಕ್ಕೆ ಕೂತ ಕೂಡಲೇ ಒಳಗೆ ಟ್ರ್ಯಾಡ್, ಟ್ರ್ಯಾಫ್-2, ಆರ್‌ಐಪಿಕೆ-1 ಎಂಬ ಪ್ರೋಟೀನುಗಳು ಒಟ್ಟು ಸೇರುತ್ತವೆ. ಈ ಗುಂಪು ಎನ್‌ಎಫ್-ಕಪ್ಪಾ-ಬಿಯನ್ನು ಎಬ್ಬಿಸುತ್ತದೆ. ಅದು ಕೋಶಕೇಂದ್ರಕ್ಕೆ ಹೋಗಿ ಉರಿಯೂತದ ಜೀನುಗಳನ್ನು ಚಾಲೂ ಮಾಡುವುದಲ್ಲದೆ, ಸಾವನ್ನು ತಡೆಯುವ ಸಿ-ಫ್ಲಿಪ್, ಎ-20 ಮುಂತಾದವನ್ನೂ ಹೊಸದಾಗಿ ತಯಾರಿಸಿಡುತ್ತದೆ. ಆಮೇಲೆ ಫ್ಯಾಡ್ ಮತ್ತು ಕ್ಯಾಸ್ಪೇಸ್-8 ಸೇರಿದ ಎರಡನೇ ಗುಂಪು ಕಟ್ಟಿಕೊಂಡು ಕೊಲ್ಲಲು ಬಂದರೆ ಸಿ-ಫ್ಲಿಪ್ ಅಡ್ಡ ನಿಂತಿರುತ್ತದೆ. ಹೊಸ ಪ್ರೋಟೀನ್ ತಯಾರಾಗುವುದನ್ನೇ ನಿಲ್ಲಿಸಿದರೆ ಮಾತ್ರ ಕಾವಲು ಇಲ್ಲದಂತಾಗಿ ಕೋಶ ಸಾಯುತ್ತದೆ. ಅದಕ್ಕೇ ಟಿಎನ್‌ಎಫ್ ಶಕ್ತಿ ಅಳೆಯುವ ಹಳೆಯ ಪರೀಕ್ಷೆಯಲ್ಲಿ ಎಲ್-929 ಇಲಿಕೋಶಗಳ ಜೊತೆ ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಆಕ್ಟಿನೊಮೈಸಿನ್-ಡಿ ಹಾಕುವುದು.

ಹಾಕ್ಯಾಟ್‌ನಲ್ಲಿ ಸಾವು ತೋರಿಸಲೇಬೇಕೆಂದರೆ ಪ್ರೋಟೀನ್ ತಯಾರಿ ನಿಲ್ಲಿಸುವ ಸೈಕ್ಲೊಹೆಕ್ಸಿಮೈಡ್ ಒಂದು ಗಂಟೆ ಮುಂಚೆ ಹಾಕಿ, ಆಮೇಲೆ ಟಿಎನ್‌ಎಫ್. ಸೈಕ್ಲೊಹೆಕ್ಸಿಮೈಡ್ ಮಾತ್ರ ಹಾಕಿದ ಗುಳಿಯೊಂದು (ತಟ್ಟೆಯ ವೆಲ್) ಬೇಕೇಬೇಕು, ಏಕೆಂದರೆ ಅದೊಂದೇ ಕೊಂದುಬಿಡುವುದೂ ಉಂಟು. ಎಷ್ಟು ಹಾಕಬೇಕು ಎಂಬುದನ್ನು ಆ ಗುಳಿ ನೋಡಿಯೇ ನಿಮ್ಮ ಕೋಶಕ್ಕೆ ಹೊಂದಿಸಿಕೊಳ್ಳಬೇಕು. ಎಂಟಿಟಿ ಅಳೆಯುವುದು ಕೋಶದ ಚಯಾಪಚಯವನ್ನು, ಸಾವನ್ನಲ್ಲ. ಸಾವಿನ ಗುರುತಾದ ಸೀಳಿದ ಕ್ಯಾಸ್ಪೇಸ್-3 ನೋಡಿ.

ಆದರೆ ಪಾಠಕ್ಕೆ ಸಾವಿಗಿಂತ ಉರಿಯೂತ ತೋರಿಸುವುದೇ ಮೇಲು. ಹಿಂದಿನ ರಾತ್ರಿ ಸೀರಂ ಅನ್ನು ಶೇ. 1ಕ್ಕೆ ಇಳಿಸಿ. ಮಾರನೇ ದಿನ ಮಿಲಿಲೀಟರಿಗೆ 10 ನ್ಯಾನೊಗ್ರಾಂ ಟಿಎನ್‌ಎಫ್ ಹಾಕಿ 0, 15, 30, 60, 90 ನಿಮಿಷಕ್ಕೆ ಕೋಶ ಒಡೆದು, ಎನ್‌ಎಫ್-ಕಪ್ಪಾ-ಬಿಯನ್ನು ಕಟ್ಟಿಹಾಕಿಟ್ಟಿರುವ ಐ-ಕಪ್ಪಾ-ಬಿ-ಆಲ್ಫಾ ಎಂಬ ಪ್ರೋಟೀನಿನ ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಮಾಡಿ. 15ರಿಂದ 30 ನಿಮಿಷದೊಳಗೆ ಪಟ್ಟಿ ಮಸುಕಾಗುತ್ತದೆ, ಒಂದು ಗಂಟೆ ದಾಟುತ್ತಲೇ ಮರಳಿ ಬರುತ್ತದೆ. ಬೇರೊಂದು ತಟ್ಟೆಯನ್ನು 24 ಗಂಟೆ ಬಿಟ್ಟು ಮೇಲಿನ ದ್ರವದಲ್ಲಿ ಉರಿಯೂತದ ಸಂಕೇತವಾದ ಇಂಟರ್‌ಲ್ಯೂಕಿನ್-8 ಎಷ್ಟಿದೆ ಎಂದು ಎಲಿಸಾದಲ್ಲಿ ನೋಡಿ. 24 ಗಂಟೆಗೆ ಒಂದೇ ಸಲ ಐ-ಕಪ್ಪಾ-ಬಿ ನೋಡಿ "ಏನೂ ಆಗಿಲ್ಲ" ಎಂದು ಬರೆಯುವ ಪ್ರಾಜೆಕ್ಟುಗಳಿಗೆ ಲೆಕ್ಕವಿಲ್ಲ.

ಪ್ರೋಟೀನ್ ಕೆಡುವುದು ಸಾಮಾನ್ಯವಾಗಿ ಕರಗಿಸುವಾಗಲೇ. 10 ಮೈಕ್ರೊಗ್ರಾಂನ ಬಾಟಲಿಯನ್ನು ಮೊದಲು ಸೆಂಟ್ರಿಫ್ಯೂಜಿನಲ್ಲಿ ಒಮ್ಮೆ ತಿರುಗಿಸಿ, ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. 100 ಮೈಕ್ರೊಲೀಟರ್ ಶುದ್ಧ ನೀರಿಗೆ ಶೇ. 0.1 ಬಿಎಸ್‌ಎ (ಹಸುವಿನ ಸೀರಂ ಪ್ರೋಟೀನ್) ಸೇರಿಸಿ ಅದರಲ್ಲಿ ಕರಗಿಸಿ. ಬಿಎಸ್‌ಎ ಇಲ್ಲದಿದ್ದರೆ ಟಿಎನ್‌ಎಫ್ ಪ್ಲಾಸ್ಟಿಕ್ ಗೋಡೆಗೆ ಅಂಟಿ ಮಾಯ. 5 ಮೈಕ್ರೊಲೀಟರಿನಂತೆ ಭಾಗ ಮಾಡಿ ಮೈನಸ್ 80ರಲ್ಲಿಡಿ, ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. 10 ನ್ಯಾನೊಗ್ರಾಂಗೆ ಇದು 10,000 ಪಟ್ಟು ತೆಳುವಾಗಬೇಕು. ಒಂದೇ ಸಲ ಮಾಡಹೋಗಿ ಪಿಪೆಟ್ಟಿನ ತಪ್ಪು ನುಂಗಬೇಡಿ, ನೂರಕ್ಕೊಂದು ಎರಡು ಸಲ ಮಾಡಿ.

ಇನ್ನೊಂದು ಕಂಟ್ರೋಲ್: ಸ್ವಲ್ಪ ಟಿಎನ್‌ಎಫ್ ಕುದಿಸಿ ಹಾಕಿ ನೋಡಿ. ಮಾರಾಟಕ್ಕಿರುವುದು ಹೆಚ್ಚಾಗಿ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ದು, ಅದರ ಹೊರಗೋಡೆಯ ವಿಷವಾದ ಎಂಡೋಟಾಕ್ಸಿನ್ ಉಳಿದಿರಬಹುದು. ಟಿಎನ್‌ಎಫ್ ಕುದಿಸಿದರೆ ಸಾಯುತ್ತದೆ, ಎಂಡೋಟಾಕ್ಸಿನ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಕುದಿಸಿದ್ದೂ ಕೆಲಸ ಮಾಡಿದರೆ ನೀವು ನೋಡುತ್ತಿರುವುದು ಟಿಎನ್‌ಎಫ್ ಅಲ್ಲ.

ಮತ್ತೆ, ವರದಿಯಲ್ಲಿ ಹಾಕ್ಯಾಟನ್ನು "ಸಹಜ ಮಾನವ ಚರ್ಮಕೋಶ" ಎಂದು ಬರೆಯಬೇಡಿ. 1988ರಲ್ಲಿ ವರದಿಯಾದ ಈ ಕೋಶಗಳಲ್ಲಿ ಕ್ಯಾನ್ಸರ್ ತಡೆಯುವ ಪಿ-53 ಜೀನಿನ ಎರಡೂ ಪ್ರತಿಗಳು ಕೆಟ್ಟಿವೆ, ಅದೂ ಬಿಸಿಲಿನ ನೇರಳಾತೀತ ಕಿರಣದ ಗುರುತಿನ ರೂಪಾಂತರಗಳು. ಕ್ಯಾನ್ಸರಿನ ಪಾಠಕ್ಕೆ ಇದು ಸಣ್ಣ ವಿಷಯವಲ್ಲ.

---

ಬೆಂಚ್_ಕೆಲಸ ಮುಂದುವರಿಸಿ:

ಹೆಸರಿನ ಕಥೆ. 1975ರಲ್ಲಿ ನ್ಯೂಯಾರ್ಕಿನ ಲಾಯ್ಡ್ ಓಲ್ಡ್ ತಂಡ ಇಲಿಗಳಿಗೆ ಬಿಸಿಜಿ ಕೊಟ್ಟು, ಆಮೇಲೆ ಎಂಡೋಟಾಕ್ಸಿನ್ ಚುಚ್ಚಿ, ಅವುಗಳ ಸೀರಂ ತೆಗೆದು ಗಡ್ಡೆಯಿದ್ದ ಬೇರೆ ಇಲಿಗಳಿಗೆ ಕೊಟ್ಟಿತು. ಗಡ್ಡೆಯ ನಡುಭಾಗ ಕಪ್ಪಾಗಿ ಕೊಳೆಯಿತು. ಹೆಸರು ಬಂದದ್ದು ಅಲ್ಲಿಂದ. ಆದರೆ ಅಲ್ಲಿ ಪೆಟ್ಟು ಬಿದ್ದದ್ದು ಬಹುಪಾಲು ಗಡ್ಡೆಯ ರಕ್ತನಾಳಗಳ ಒಳಪದರಕ್ಕೆ. ನೀರು ಹೋಗುವ ಕಾಲುವೆ ಮುಚ್ಚಿದರೆ ತೋಟ ಒಣಗಿದ ಹಾಗೆ.

ಆ ಗುಣವನ್ನು ಔಷಧಿಯಾಗಿಯೂ ಬಳಸುತ್ತಾರೆ. ಯೂರೋಪಿನಲ್ಲಿ ಟಾಸೊನರ್ಮಿನ್ ಹೆಸರಿನ ಟಿಎನ್‌ಎಫ್‌ಗೆ 1999ರಲ್ಲಿ ಅನುಮತಿ ಸಿಕ್ಕಿತು, ಕೈಕಾಲಿನ ಸಾರ್ಕೋಮಾಕ್ಕೆ (ಮೃದು ಅಂಗಾಂಶದ ಕ್ಯಾನ್ಸರ್). ಆ ಅಂಗದ ರಕ್ತಸಂಚಾರವನ್ನು ಉಳಿದ ಮೈಯಿಂದ ಬೇರ್ಪಡಿಸಿ, ಮೆಲ್ಫಲಾನ್ ಎಂಬ ಕ್ಯಾನ್ಸರ್ ಔಷಧಿಯ ಜೊತೆ ಕೈಗೆ 3, ಕಾಲಿಗೆ 4 ಮಿಲಿಗ್ರಾಂ ಹರಿಸುವುದು. ಅಷ್ಟು ಮೈಗೆಲ್ಲ ಹೋದರೆ ರಕ್ತದೊತ್ತಡ ಕುಸಿದು ರೋಗಿಯೇ ಉಳಿಯುವುದಿಲ್ಲ. ಉರಿಯೂತವಿರುವ ಚರ್ಮದಲ್ಲಿ ಇರುವುದು ಅದರ ಲಕ್ಷಾಂತರ ಪಾಲಿನಲ್ಲಿ ಒಂದು ಪಾಲು, ಆದರೆ ತಿಂಗಳುಗಟ್ಟಲೆ. ಒಂದೇ ರಾತ್ರಿಯ ನೆರೆಗೂ ಮೂರು ತಿಂಗಳ ಜಿಟಿಜಿಟಿ ಮಳೆಗೂ ಇರುವ ವ್ಯತ್ಯಾಸ ಅದು. ಅಡಿಕೆಗೆ ಕೊಳೆರೋಗ ಬರುವುದು ಎರಡನೆಯದಕ್ಕೆ.

---

ಮಲ್ನಾಡ್_ಚರ್ಮವೈದ್ಯೆ ಉತ್ತರ:

ಹೊಲಗೇರಿನ ಪ್ರಶ್ನೆಗೆ ನೇರ ಉತ್ತರ: ಇಲ್ಲ. ಸೊನೆಯ ಗುಳ್ಳೆ ಕ್ಯಾನ್ಸರಿಗೆ ತಿರುಗುತ್ತದೆ ಎನ್ನಲು ಆಧಾರವಿಲ್ಲ. ಕಾರಣ ಹೇಳಿದರೆ ಹುಡುಗರಿಗೆ ಟಿಎನ್‌ಎಫ್ ಚೆನ್ನಾಗಿ ಮನಸ್ಸಿಗೆ ಹೋಗುತ್ತದೆ.

ಹೊಲಗೇರು, ಗೇರುಬೀಜದ ಸಿಪ್ಪೆ, ಮಾವಿನ ಸೊನೆ ಎಲ್ಲ ಒಂದೇ ಕುಟುಂಬದವು. ಒಂದಕ್ಕೆ ಅಲರ್ಜಿ ಹತ್ತಿದವರಿಗೆ ಇನ್ನೊಂದೂ ತೊಂದರೆ ಕೊಡಬಹುದು. ಸೊನೆಯ ಎಣ್ಣೆಯಂಥ ಫೀನಾಲುಗಳು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಆಗ ಮೇಲ್ಚರ್ಮದ ಕೋಶಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಬಿಡುತ್ತವೆ. ಆ ಸಂಕೇತಕ್ಕೆ ಅಲ್ಲೇ ಕಾವಲಿಗಿದ್ದ ಲ್ಯಾಂಗರ್‌ಹಾನ್ಸ್ ಕೋಶಗಳು ಜಾಗ ಬಿಟ್ಟು, ಅಂಟಿದ ಸರಕಿನ ಗುರುತು ಹೊತ್ತು, ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಟಿ-ಕೋಶಗಳಿಗೆ ತೋರಿಸುತ್ತವೆ. ಮೊದಲ ಸಲ ಈ ಪರಿಚಯಕ್ಕೆ ಹತ್ತು ಹದಿನಾಲ್ಕು ದಿನ ಬೇಕು. ಮುಂದಿನ ಸಲ ತಾಗಿದರೆ 24ರಿಂದ 72 ಗಂಟೆಯೊಳಗೆ ತುರಿಕೆ, ಸೊನೆ ಹರಿದ ಜಾಗದಲ್ಲಿ ಗೆರೆ ಎಳೆದ ಹಾಗೆ ಗುಳ್ಳೆ. ಎರಡು ಮೂರು ವಾರಕ್ಕೆ ಇಳಿಯುತ್ತದೆ. ಕಿಚ್ಚು ಹೊತ್ತುತ್ತದೆ, ಆರುತ್ತದೆ. ಇಲ್ಲಿ ಕೋಶದ ಡಿಎನ್‌ಎ ಕೆಡಿಸುವ ಬೇರೆ ಪೆಟ್ಟು ಇಲ್ಲ, ವರ್ಷಗಟ್ಟಲೆ ಆರದೆ ಉರಿಯುವುದೂ ಇಲ್ಲ.

ತಾಗಿದ ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು, ಹತ್ತು ನಿಮಿಷದೊಳಗಾದರೆ ಒಳ್ಳೆಯದು. ಉಗುರಿನ ಸಂದು, ಕತ್ತಿಯ ಹಿಡಿ, ಕಂಬಳಿ ಕೊಪ್ಪೆ ಮರೆಯುತ್ತಾರೆ. ಮರುದಿನ ಅದೇ ಹಿಡಿಯಿಂದ ಮತ್ತೆ ತಾಗುತ್ತದೆ, "ಗುಳ್ಳೆಯ ನೀರು ಹರಡಿತು" ಎನ್ನುತ್ತಾರೆ. ಗುಳ್ಳೆಯ ನೀರಿನಿಂದ ಹರಡುವುದಿಲ್ಲ. ಸುಣ್ಣ ಹಚ್ಚಬೇಡಿ, ಸುಟ್ಟ ಗಾಯ ಬೇರೆ ಸೇರುತ್ತದೆ. ಸ್ವಲ್ಪ ಜಾಗವಾದರೆ ವೈದ್ಯರು ಬಲವಾದ ಸ್ಟಿರಾಯ್ಡ್ ಮುಲಾಮು ಕೊಡುತ್ತಾರೆ. ಮುಖ ಊದಿ ಕಣ್ಣು ಮುಚ್ಚಿದರೆ, ಮೈಯೆಲ್ಲ ಎದ್ದರೆ ಪ್ರೆಡ್ನಿಸೊಲೋನ್ ಮಾತ್ರೆ ಬೇಕಾಗುತ್ತದೆ, ಎರಡರಿಂದ ಮೂರು ವಾರ, ಇಳಿಸುತ್ತಾ. ಐದು ದಿನಕ್ಕೆ ಕಡಿಮೆಯಾಯಿತೆಂದು ನಿಲ್ಲಿಸಿದವರಿಗೆ ಆರನೇ ಏಳನೇ ದಿನ ಮೊದಲಿಗಿಂತ ಜೋರಾಗಿ ಏಳುತ್ತದೆ, ಟಿ-ಕೋಶಗಳು ಇನ್ನೂ ಅಲ್ಲೇ ಇರುತ್ತವೆ. ಸಕ್ಕರೆ ಕಾಯಿಲೆಯವರು ಮಾತ್ರೆ ತೆಗೆದುಕೊಳ್ಳುವ ದಿನಗಳಲ್ಲಿ ಸಕ್ಕರೆ ನೋಡಿಕೊಳ್ಳಬೇಕು.

---

ಶರಾವತಿ_ಕಣಿವೆ:

ತುಂಬಾ ಉಪಕಾರ ಇಬ್ಬರಿಗೂ. ಹಾಗಾದರೆ ಇಲಿಗಳಲ್ಲಿ ಮಾತ್ರ ಉರಿಯೂತ ಗಡ್ಡೆಗೆ ದಾರಿಯಾದದ್ದು ಹೇಗೆ? ಅಲ್ಲೂ ಮೊದಲು ಕಾಣುವುದು ಚರ್ಮ ಕೆಂಪಾಗಿ ಊದುವುದು ತಾನೇ?

---

ಬೆಂಚ್_ಕೆಲಸ:

ಅಲ್ಲಿ ಎರಡು ಸರಕು. ಒಂದು ಬೀಜ, ಇನ್ನೊಂದು ಮಳೆ.

ಬೀಜ ಡಿಎಂಬಿಎ, ಡಿಎನ್‌ಎ ಕೆಡಿಸುವ ರಾಸಾಯನಿಕ. ಏಳೆಂಟು ವಾರದ ಇಲಿಯ ಬೆನ್ನು ಬೋಳಿಸಿ, ಅಸಿಟೋನಿನಲ್ಲಿ ಕರಗಿಸಿದ ಸುಮಾರು 25 ಮೈಕ್ರೊಗ್ರಾಂ ಒಂದೇ ಒಂದು ಸಲ ಹಚ್ಚುತ್ತಾರೆ. ಅದು ಕೆಲವು ಕೋಶಗಳಲ್ಲಿ, ಬೆಳೆಯಲು ಸಂಕೇತ ಕೊಡುವ ಎಚ್-ರಾಸ್ ಜೀನಿನ 61ನೇ ಸಂಕೇತದಲ್ಲಿ ಒಂದು ಅಕ್ಷರ ಕೆಡಿಸುತ್ತದೆ. ಚರ್ಮ ನೋಡಲು ಸರಿಯಾಗಿಯೇ ಇರುತ್ತದೆ. ಇಷ್ಟಕ್ಕೇ ಬಿಟ್ಟರೆ ಗಡ್ಡೆ ಇಲ್ಲ.

ಮಳೆ ಟಿಪಿಎ. ಇದು ಬಂದದ್ದು ಜಾಪಾಳದ ಎಣ್ಣೆಯಿಂದ, ಹೌದು, ಭೇದಿಗೆ ಕೊಡುತ್ತಿದ್ದ ಅದೇ ಜಾಪಾಳ. 1940ರ ದಶಕದಲ್ಲಿ ಆ ಎಣ್ಣೆಯನ್ನೇ ಇಲಿಗೆ ಹಚ್ಚಿ ನೋಡಿದ್ದರು. ಅದರೊಳಗಿನ ಫೋರ್ಬಾಲ್ ಎಸ್ಟರನ್ನು ಬೇರ್ಪಡಿಸಿದ್ದು 1960ರ ದಶಕದಲ್ಲಿ. ಅದು ಕೋಶದೊಳಗೆ ಪ್ರೋಟೀನ್ ಕೈನೇಸ್-ಸಿ ಎಂಬ ಸಂಕೇತದ ಕಿಣ್ವವನ್ನು ಎಬ್ಬಿಸುತ್ತದೆ ಎಂದು 1982ರಲ್ಲಿ ಜಪಾನಿನ ನಿಶಿಜುಕಾ ತಂಡ ತೋರಿಸಿತು. ಒಂದೆರಡು ವಾರ ಬಿಟ್ಟು ಇದನ್ನು ವಾರಕ್ಕೆರಡು ಸಲ, ಇಪ್ಪತ್ತು ವಾರ ಹಚ್ಚುತ್ತಾರೆ. ಎಂಟು ಹನ್ನೆರಡನೇ ವಾರಕ್ಕೆ ನರೂಲಿಯಂಥ ಪ್ಯಾಪಿಲೋಮಾ ಏಳುತ್ತವೆ, ಅವುಗಳಲ್ಲಿ ಕೆಲವು ಮುಂದೆ ಕ್ಯಾನ್ಸರಿಗೆ ತಿರುಗುತ್ತವೆ. ಕ್ರಮ ತಿರುಗಿಸಿ ಟಿಪಿಎ ಮೊದಲು ಹಚ್ಚಿದರೆ ಏನೂ ಬೆಳೆಯುವುದಿಲ್ಲ. ಡಿಎಂಬಿಎ ಹಚ್ಚಿ ತಿಂಗಳುಗಟ್ಟಲೆ ಬಿಟ್ಟು ಟಿಪಿಎ ಶುರು ಮಾಡಿದರೂ ಗಡ್ಡೆ ಬರುತ್ತದೆ. ಟಿಪಿಎಯ ಎರಡು ಸರದಿಗಳ ನಡುವೆ ಬಹಳ ದಿನ ಬಿಟ್ಟರೆ ಬರುವುದಿಲ್ಲ. ಬೀಜ ಬಿದ್ದದ್ದು ಬಿದ್ದದ್ದೇ, ಮಳೆ ಮಾತ್ರ ಎಡೆಬಿಡದೆ ಹೊಯ್ಯಬೇಕು.

ಟಿಎನ್‌ಎಫ್ ಕೂತಿರುವುದು ಈ ಮಳೆಯಲ್ಲಿ. ಟಿಪಿಎ ತಾಗಿದ ಮೇಲ್ಚರ್ಮ ಟಿಎನ್‌ಎಫ್ ಬಿಡುತ್ತದೆ. 1999ರಲ್ಲಿ ಲಂಡನ್ನಿನ ಫ್ರಾನ್ಸೆಸ್ ಬಾಕ್‌ವಿಲ್ ಅವರ ತಂಡ ಟಿಎನ್‌ಎಫ್ ಜೀನ್ ತೆಗೆದ ಇಲಿಗಳಲ್ಲಿ ಇದೇ ಪ್ರಯೋಗ ಮಾಡಿದಾಗ ಗಡ್ಡೆಗಳು ತೀರಾ ಕಡಿಮೆ ಬಂದವು. ಅದರ ಕೆಲಸ ಮುಖ್ಯವಾಗಿ ಗಡ್ಡೆ ಹುಟ್ಟುವ ಆರಂಭದ ದಿನಗಳಲ್ಲಿ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಹೊಡೆಯುವುದಕ್ಕೂ ಕೊಳೆ ಬಿದ್ದು ಕಾಯಿ ಉದುರಿದ ಮೇಲೆ ಹೊಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ತೋಟದ ಹುಡುಗರಿಗೆ ವಿವರಿಸಬೇಕಾಗಿಲ್ಲ.

ಇದನ್ನು ಕಾಲೇಜಿನಲ್ಲಿ ಮಾಡಲು ಹೋಗಬೇಡಿ. ಡಿಎಂಬಿಎ ಕೈಗೆ ತಾಗಿದರೆ ನಿಮಗೂ ಬೀಜವೇ, ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಪ್ರಬಂಧ ಓದುವಾಗ ಮಾತ್ರ ಎರಡು ಮೂರು ಕಡೆ ಕಣ್ಣಿಡಿ. ಸಿ-57 ತಳಿಯ ಇಲಿಗಳು ಈ ವಿಧಾನಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ಎಫ್‌ವಿಬಿ ಸುಲಭಕ್ಕೆ ಬಗ್ಗುತ್ತದೆ, ತಳಿ ಬೆರೆತಿದ್ದರೆ ಫಲಿತಾಂಶ ನಂಬಬೇಡಿ. ಹಚ್ಚುವಾಗ ಕೂದಲು ವಿಶ್ರಾಂತಿಯ ಹಂತದಲ್ಲಿರಬೇಕು. ಬೋಳಿಸಿದ ಎರಡು ದಿನಕ್ಕೆ ಮತ್ತೆ ಚಿಗುರುವ ಇಲಿಯನ್ನು ಬಿಟ್ಟುಬಿಡುತ್ತಾರೆ. ಮನುಷ್ಯನ ಟಿಎನ್‌ಎಫನ್ನು ಇಲಿಗೆ ಕೊಟ್ಟಿದ್ದರೆ ಅದು ಇಲಿಯ ಗ್ರಾಹಕ-1ಕ್ಕೆ ಮಾತ್ರ ಕೂರುತ್ತದೆ, ಗ್ರಾಹಕ-2ಕ್ಕೆ ಕೂರುವುದಿಲ್ಲ. "ಗ್ರಾಹಕ-2ರ ಪಾತ್ರವಿಲ್ಲ" ಎಂದು ಹಾಗೆ ಬರೆದವರ ಮಾತು ಅರ್ಧ ಸತ್ಯ.

---

ಸ್ಲೈಡ್_ನೋಡುವವ:

ಇಲಿಯದ್ದು ಸರಿ. ಆದರೆ "ಇಲ್ಲ" ಎಂದ ಡಾಕ್ಟರ ಉತ್ತರದ ಪಕ್ಕದಲ್ಲಿ ಒಂದು "ಹೌದು" ಕೂಡ ಇರಲಿ. ಮಲೆನಾಡಿನಲ್ಲಿ ಆರದೆ ಉರಿಯುವ ಚರ್ಮ ಯಾವುದು ಅಂದರೆ ಗೇರಿನ ಗುಳ್ಳೆಯಲ್ಲ, ಮಾಯದ ಗಾಯ. ಚಿಕ್ಕಂದಿನಲ್ಲಿ ಬಚ್ಚಲೊಲೆಗೆ ಬಿದ್ದು ಸುಟ್ಟ ಕಲೆ, ಕುಷ್ಠದಿಂದ ಸ್ಪರ್ಶ ಹೋದ ಪಾದದ ಹುಣ್ಣು, ಉಬ್ಬಿದ ರಕ್ತನಾಳದ ಕಾಲಿನ ಹುಣ್ಣು. ಇವುಗಳಲ್ಲಿ ಹುಟ್ಟುವ ಸ್ಕ್ವೇಮಸ್ (ಮೇಲ್ಚರ್ಮದ ಕೋಶಗಳ) ಕ್ಯಾನ್ಸರಿಗೆ ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ, 1828ರಲ್ಲಿ ಇಂಥ ಹುಣ್ಣನ್ನು ವರ್ಣಿಸಿದ ಫ್ರೆಂಚ್ ವೈದ್ಯರ ಹೆಸರು. ಸುಟ್ಟ ದಿನದಿಂದ ಕ್ಯಾನ್ಸರ್ ಆಗುವವರೆಗೆ ಸರಾಸರಿ ಮೂವತ್ತು ವರ್ಷ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರಿಗಿಂತ ಬೇಗ ದುಗ್ಧಗ್ರಂಥಿಗೆ ಹರಡುತ್ತದೆ. ಸೀರೆಯೊಳಗಿನ ಲಂಗದ ಲಾಡಿಯನ್ನು ಸೊಂಟದ ಒಂದೇ ಜಾಗಕ್ಕೆ ಬಿಗಿದು ಬಿಗಿದು ಆದ ಹುಣ್ಣಿನಲ್ಲೂ ಇದು ನಮ್ಮ ದೇಶದಲ್ಲಿ ವರದಿಯಾಗಿದೆ. ಅಗಲ ಪಟ್ಟಿಯ ಲಂಗ, ಸಡಿಲ ಗಂಟು, ದಿನಕ್ಕೊಂದು ಜಾಗ, ಇಷ್ಟೇ ಸಾಕು ತಪ್ಪಿಸಲು.

ಮೂರು ತಿಂಗಳಾದರೂ ಮಾಯದ್ದು, ಅಂಚು ಎದ್ದು ಹೊರಕ್ಕೆ ಮಗುಚಿದ್ದು, ಮುಟ್ಟಿದರೆ ರಕ್ತ, ಹೊಸದಾಗಿ ಕೆಟ್ಟ ವಾಸನೆ: ಬಯಾಪ್ಸಿ ಆಗಲೇಬೇಕು. ತಪ್ಪಾಗುವುದು ಇಲ್ಲೇ. ನಡುವಿನ ಕೊಳೆತ ಭಾಗದಿಂದ ಒಂದು ಚೂರು ಕಳಿಸಿದರೆ "ಉರಿಯೂತ ಮಾತ್ರ" ಎಂಬ ವರದಿ ಬರುತ್ತದೆ. ಅಂಚಿನ ನಾಲ್ಕು ಕಡೆ ಮತ್ತು ನಡುವೆ ಒಂದು, ಸಹಜ ಚರ್ಮ ಸ್ವಲ್ಪ ಸೇರಿಸಿ, ಆಳಕ್ಕೆ ತೆಗೆಯಬೇಕು. ಚೂರಿನ ಹತ್ತು ಪಟ್ಟು ಬಫರ್ ಮಾಡಿದ ಶೇ. 10 ಫಾರ್ಮಲಿನ್, ಪ್ರತಿ ಚೂರಿಗೆ ಬೇರೆ ಬಾಟಲಿ, ಯಾವ ಕಡೆಯದೆಂದು ಚೀಟಿ. ಸಲೈನಿನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಿದ ಚೂರು ಶಿವಮೊಗ್ಗ ತಲುಪುವಷ್ಟರಲ್ಲಿ ಓದಲು ಬಾರದಂತಾಗಿರುತ್ತದೆ.

ಮೇಲ್ಮೇಲಿನ ಚೂರಿಗೆ ಇನ್ನೊಂದು ಬಲೆ ಇದೆ. ಹಳೆ ಗಾಯದ ಅಂಚಿನಲ್ಲಿ ಮೇಲ್ಚರ್ಮ ಬರೀ ಉರಿಯೂತದಿಂದಲೇ ನಾಲಿಗೆ ಚಾಚಿದಂತೆ ಕೆಳಗಿಳಿಯುತ್ತದೆ, ಕ್ಯಾನ್ಸರಿನ ತದ್ರೂಪ. ಮುಳ್ಳು, ಮರದ ಚಕ್ಕೆ ಚುಚ್ಚಿ ಬರುವ ಕ್ರೊಮೊಬ್ಲಾಸ್ಟೊಮೈಕೋಸಿಸ್ ಎಂಬ ಶಿಲೀಂಧ್ರ ರೋಗದಲ್ಲಿ ಇದು ಜೋರು, ಪಶ್ಚಿಮ ಘಟ್ಟದಲ್ಲಿ ಅದು ಇದೆ. ಕೀವಿನ ನಡುವೆ ತಾಮ್ರದ ಕಾಸಿನ ಬಣ್ಣದ, ಶಿಲೀಂಧ್ರದ ದುಂಡು ಕೋಶಗಳನ್ನು ಹುಡುಕದೆ ಕ್ಯಾನ್ಸರ್ ಎಂದು ಬರೆದರೆ ಸುಮ್ಮನೆ ಕಾಲು ಕಳೆದುಕೊಳ್ಳಬೇಕಾಗುತ್ತದೆ. ಶಿಲೀಂಧ್ರ ಸಿಕ್ಕಿತೆಂದು ಅಲ್ಲಿಗೇ ಬಿಡುವಂತೆಯೂ ಇಲ್ಲ, ಬಹಳ ವರ್ಷದ ಗಾಯದಲ್ಲಿ ಎರಡೂ ಒಟ್ಟಿಗೆ ಇರುವುದುಂಟು. ಟಿಎನ್‌ಎಫ್ ಬಣ್ಣ ಹಾಕಿ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ, ಅದು ಎರಡರಲ್ಲೂ ಇರುತ್ತದೆ.

---

ಅರಿಶಿಣ_ಪ್ರಿಯ:

ಟಿಎನ್‌ಎಫ್, ಎನ್‌ಎಫ್-ಕಪ್ಪಾ-ಬಿ ಎರಡನ್ನೂ ಅರಿಶಿಣ ತಡೆಯುತ್ತದೆ ಎಂದು ನೂರಾರು ಪ್ರಬಂಧ ಇವೆಯಲ್ಲ. ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಯಾಕೆ ಬೇಕು?

---

ಬೆಂಚ್_ಕೆಲಸ:

ತಟ್ಟೆಯಲ್ಲಿ ತಡೆಯುತ್ತದೆ, ಮಾರಾಯ್ರೆ. ಅಲ್ಲಿ ಹಾಕುವ ಪ್ರಮಾಣದ ಕರ್ಕ್ಯುಮಿನ್ (ಅರಿಶಿಣದ ಹಳದಿ ಸಾರ) ತಿಂದ ಅರಿಶಿಣದಿಂದ ರಕ್ತಕ್ಕೆ ಬರುವುದಿಲ್ಲ. ಕರುಳಿನಲ್ಲಿ ಹೀರುವುದೇ ಸ್ವಲ್ಪ, ಹೀರಿದ್ದನ್ನು ಯಕೃತ್ತು ಬೇಗ ಬದಲಿಸಿ ಹೊರಹಾಕುತ್ತದೆ. ಅದಕ್ಕಿಂತ ದೊಡ್ಡ ತೊಡಕು, ಚರ್ಮದಲ್ಲಿ ಎನ್‌ಎಫ್-ಕಪ್ಪಾ-ಬಿ ತಡೆದರೆ ಒಳ್ಳೆಯದೇ ಆಗುತ್ತದೆ ಎಂದು ಯಾರು ಹೇಳಿದ್ದು? 2002ರಲ್ಲಿ ಇಲಿಯ ಮೇಲ್ಚರ್ಮದಲ್ಲಿ ಮಾತ್ರ ಅದನ್ನು ಎಬ್ಬಿಸುವ ಐಕೆಕೆ-2 ತೆಗೆದಾಗ ಚರ್ಮ ಭೀಕರವಾಗಿ ಉರಿಯಿತು. ಟಿಎನ್‌ಎಫ್ ಗ್ರಾಹಕ-1ನ್ನೂ ತೆಗೆದ ಮೇಲೆ ಶಾಂತವಾಯಿತು. 2003ರಲ್ಲಿ ಮಾನವ ಚರ್ಮಕೋಶಗಳಲ್ಲಿ ರಾಸ್ ಕೆಡಿಸಿ ಜೊತೆಗೆ ಎನ್‌ಎಫ್-ಕಪ್ಪಾ-ಬಿಯನ್ನೂ ಕಟ್ಟಿಹಾಕಿದಾಗ ಕ್ಯಾನ್ಸರಿನಂಥ ಬೆಳವಣಿಗೆಯೇ ಬಂತು.

---

ಮಲ್ನಾಡ್_ಚರ್ಮವೈದ್ಯೆ:

ಇಂಜೆಕ್ಷನ್ ಮಾತು ಬಂತಲ್ಲ. ಸೋರಿಯಾಸಿಸ್ ಚರ್ಮದಲ್ಲಿ ಟಿಎನ್‌ಎಫ್ ಧಾರಾಳ, ಇಂಟರ್‌ಲ್ಯೂಕಿನ್ 23 ಮತ್ತು 17ರ ಜೊತೆ. ಆದರೂ ಆ ಚಕ್ಕೆಗಳೇ ಕ್ಯಾನ್ಸರಿಗೆ ತಿರುಗುವುದು ತೀರಾ ಅಪರೂಪ. ಟಿಎನ್‌ಎಫ್ ಒಂದರಿಂದಲೇ ಆಗುವುದಿಲ್ಲ ಎನ್ನಲು ಮೇಷ್ಟ್ರ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಟಿಎನ್‌ಎಫ್ ತಡೆಯುವ ಅಡಾಲಿಮುಮಾಬ್ ತೆಗೆದುಕೊಂಡರೆ ಚರ್ಮದ ಕ್ಯಾನ್ಸರ್ ಕಡಿಮೆಯಾಗಬೇಕಿತ್ತು ಎಂದು ಇಲಿ ನೋಡಿದವರಿಗೆ ಅನಿಸುತ್ತದೆ. ಮನುಷ್ಯರಲ್ಲಿ ಹಾಗಾಗಿಲ್ಲ. ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರ್ ತುಸು ಹೆಚ್ಚೇ ಕಂಡಿದೆ, ಹೆಚ್ಚಾಗಿ ಬಿಳಿ ಚರ್ಮದವರಲ್ಲಿ. ಕೆಟ್ಟ ಕೋಶವನ್ನು ಹೆಕ್ಕಿ ತೆಗೆಯುವ ರೋಗನಿರೋಧಕ ಕೆಲಸದಲ್ಲೂ ಟಿಎನ್‌ಎಫ್ ಕೈ ಇದೆ. ಈ ರೋಗಿಗಳು ಹಿಂದೆ ಪೂವಾ ಎಂಬ ನೇರಳಾತೀತ ಬೆಳಕಿನ ಚಿಕಿತ್ಸೆ, ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೊಸ್ಪೊರಿನ್ ಪಡೆದವರೂ ಆಗಿರುತ್ತಾರೆ, ಪೂವಾ ತಾನೇ ಬೀಜ ಬಿತ್ತಬಲ್ಲದು. ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ.

ನಮ್ಮ ಕಡೆ ಇದಕ್ಕಿಂತ ಮುಂದಿನ ಅಪಾಯ ಕ್ಷಯ. ಕ್ಷಯದ ಬ್ಯಾಕ್ಟೀರಿಯಾವನ್ನು ಗಂಟಿನೊಳಗೆ ಕಟ್ಟಿಟ್ಟಿರುವುದೇ ಟಿಎನ್‌ಎಫ್. ತಡೆದರೆ ಗಂಟು ಬಿಚ್ಚುತ್ತದೆ. ಆದ್ದರಿಂದ ಮೊದಲ ಸೂಜಿಗೆ ಮುಂಚೆ ಎದೆಯ ಎಕ್ಸ್‌ರೇ, ಕ್ಷಯಕ್ಕೆ ಮಾಂಟೂ (ಚರ್ಮದ ಪರೀಕ್ಷೆ) ಅಥವಾ ಇಗ್ರಾ (ರಕ್ತ ಪರೀಕ್ಷೆ), ಹೆಪಟೈಟಿಸ್-ಬಿ. ಮಾಂಟೂ ಊತ 5 ಮಿಲಿಮೀಟರ್ ಇದ್ದರೂ ಇವರಲ್ಲಿ ಪಾಸಿಟಿವ್ ಎಂದೇ ಲೆಕ್ಕ. ಸುಪ್ತ ಕ್ಷಯಕ್ಕೆ ಮಾತ್ರೆ ಶುರು ಮಾಡಿ ಸಾಮಾನ್ಯವಾಗಿ ಒಂದು ತಿಂಗಳ ನಂತರ ಸೂಜಿ. ಸೋರಿಯಾಸಿಸ್‌ಗೆ ಅಡಾಲಿಮುಮಾಬ್ ಮೊದಲು 80, ವಾರ ಬಿಟ್ಟು 40, ಆಮೇಲೆ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ, ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಿನವರು ಸೂಜಿಯನ್ನು ಐಸಿಗೆ ಒತ್ತಿಡಬೇಡಿ. ಹೆಪ್ಪುಗಟ್ಟಿದರೆ ಪ್ರೋಟೀನ್ ಕೆಟ್ಟಿತು, ಕರಗಿದ ಮೇಲೆ ತಿಳಿಯಾಗಿ ಕಂಡರೂ ಹಾಕಿಕೊಳ್ಳುವಂತಿಲ್ಲ.